ದೊಡ್ಡಾಸ್ಪತ್ರೆಯ ‘ಸಣ್ಣ ಡಾಕ್ಟರು’ ಯಾರು? ಸರ್ಜನ್ ಆಗುವ ದಾರಿ ಹೀಗಿದೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮನೆಗಳಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಆಗಬೇಕೆಂದರೆ ಹೋಗುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಮೊದಲು ತಾಲ್ಲೂಕು ಆಸ್ಪತ್ರೆ ಇಲ್ಲವೆ ಊರಿನ ಖಾಸಗಿ ದವಾಖಾನೆ. ಅಲ್ಲಿ ಆಗದಿದ್ದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಅಥವಾ ಹುಬ್ಬಳ್ಳಿ. ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿರಜದಲ್ಲಿ ಆರಂಭಿಸಿದ ಮಿಶನ್ ಆಸ್ಪತ್ರೆಯ ಕಾಲದಿಂದಲೂ ಗಡಿ ದಾಟಿ ಅತ್ತ ಹೋಗುವ ರೂಢಿಯೂ ಈ ಭಾಗದಲ್ಲಿ ಇದೆ.

ವೈದ್ಯಕೀಯ ಕಾಲೇಜಿಗೆ ಸೇರಿದ ಯಾವುದೇ ಆಸ್ಪತ್ರೆಗೆ ಹೋದರೂ, ಅದರಲ್ಲೂ ರಾತ್ರಿ ಹೊತ್ತಿನಲ್ಲಿ, ರೋಗಿಯನ್ನು ಮೊದಲು ನೋಡುವವರು ಪ್ರೊಫೆಸರ್ ಅಲ್ಲ. ಇಪ್ಪತ್ತಾರು, ಇಪ್ಪತ್ತೇಳು ವರ್ಷದ ಒಬ್ಬ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ರಕ್ತ ತೆಗೆಯುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ. ಆಗ ಮನೆಯವರಿಗೆ ಅನುಮಾನ ಬರುವುದು ಸಹಜ. “ಇಂವಾ ಇನ್ನೂ ಸಣ್ಣ ಹುಡುಗ ಅದಾನ, ಇವನ ಕೈಯಾಗ ಹೆಂಗ ಕೊಡೂದ್ರಿ? ದೊಡ್ಡ ಸಾಹೇಬ್ರು ಎಲ್ಲಿ ಅದಾರ?” ಎಂಬ ಮಾತು ಇಂಥ ವಾರ್ಡುಗಳಲ್ಲಿ ಹೊಸದೇನಲ್ಲ. ಕೆಲವರು ಈ ಅನುಮಾನದಿಂದಲೇ ರೋಗಿಯನ್ನು ಎಬ್ಬಿಸಿಕೊಂಡು ಬೇರೆ ಊರಿಗೆ ಹೊರಡುತ್ತಾರೆ. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿದ್ದರೆ ಕೆಲವೇ ತಾಸುಗಳಲ್ಲಿ ಆ ಭಾಗಕ್ಕೆ ರಕ್ತ ನಿಂತು ಕರುಳು ಕೊಳೆಯತೊಡಗುತ್ತದೆ. ಅಪೆಂಡಿಕ್ಸ್ ಒಡೆದರೆ ಕೀವು ಹೊಟ್ಟೆಯ ತುಂಬ ಹರಡಬಹುದು. ಬಸ್ಸು, ಜೀಪುಗಳಲ್ಲಿ ಕಳೆದ ಆ ತಾಸುಗಳು ಮತ್ತೆ ಸಿಗುವುದಿಲ್ಲ.

ಆದ್ದರಿಂದ ಈ ಕಿರಿಯ ಡಾಕ್ಟರು ಯಾರು, ಎಲ್ಲಿಂದ ಬಂದರು, ಈ ವಿಷಯವನ್ನೇ ಏಕೆ ಆರಿಸಿಕೊಂಡರು, ಅವರ ಕೈಗೆ ಎಷ್ಟು ಕೆಲಸ ಕೊಡುತ್ತಾರೆ ಎಂಬುದನ್ನು ಪ್ರತಿ ಕುಟುಂಬವೂ ತಿಳಿದಿರುವುದು ಒಳ್ಳೆಯದು. ಮಗನೋ ಮಗಳೋ ಎಂ.ಬಿ.ಬಿ.ಎಸ್. ಓದುತ್ತಿರುವ ಮನೆಯವರಿಗಂತೂ ಇದು ಇನ್ನೂ ಹತ್ತಿರದ ವಿಷಯ.

ರೆಸಿಡೆಂಟ್ ಎಂದರೆ

ಈ ಡಾಕ್ಟರರನ್ನು ಆಸ್ಪತ್ರೆಯಲ್ಲಿ ‘ರೆಸಿಡೆಂಟ್’ ಅಥವಾ ‘ಪಿ.ಜಿ.’ ಎನ್ನುತ್ತಾರೆ. ರೆಸಿಡೆಂಟ್ ಎಂದರೆ ಅಲ್ಲಿಯೇ ವಾಸಿಸುವವರು ಎಂದರ್ಥ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಒಂದು ಪದ್ಧತಿ ತಂದರು. ಕಲಿಯುವ ವೈದ್ಯರು ಆಸ್ಪತ್ರೆಯಲ್ಲೇ ಇದ್ದು, ಹಗಲು ರಾತ್ರಿ ರೋಗಿಗಳನ್ನು ನೋಡಿ, ವರ್ಷದಿಂದ ವರ್ಷಕ್ಕೆ ಹೆಚ್ಚಿನ ಜವಾಬ್ದಾರಿ ಹೊರುವ ಪದ್ಧತಿ ಅದು. ಇಂದು ಜಗತ್ತಿನ ಬಹುಪಾಲು ದೇಶಗಳಲ್ಲಿ ಸರ್ಜನ್‌ಗಳು ತಯಾರಾಗುವುದು ಇದರ ಯಾವುದಾದರೊಂದು ರೂಪದಲ್ಲಿ.

ಕೈಗೆಲಸವನ್ನು ಹಂತ ಹಂತವಾಗಿ ಕಲಿಸಬೇಕೆಂಬ ವಿಚಾರ ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಶಿಷ್ಯರು ಮೊದಲು ಕುಂಬಳ, ಸೌತೆ ಮುಂತಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆ ಮತ್ತು ಮೆತ್ತನೆಯ ತೊಗಲಿನ ಮೇಲೆ ಹೊಲಿಯುವುದನ್ನೂ ಅಭ್ಯಾಸ ಮಾಡಬೇಕೆಂದು ಹೇಳಿದೆ. ರಬಕವಿ-ಬನಹಟ್ಟಿಯ ನೇಕಾರ ಮನೆಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ಕಂಡಿಕೆ ಸುತ್ತಬೇಕು, ಆಮೇಲೆ ಹರಿದ ಎಳೆ ಕೂಡಿಸಬೇಕು, ಕೊನೆಗೆ ಮಗ್ಗಕ್ಕೆ ಕೂಡಬೇಕು. ಪಕ್ಕದಲ್ಲಿ ಬಲ್ಲವರೊಬ್ಬರು ನಿಂತಿರಬೇಕು. ಶಸ್ತ್ರಚಿಕಿತ್ಸೆಯ ಕಲಿಕೆಯೂ ಇದೇ ಬಗೆಯದು. ಇಲ್ಲಿ ತಪ್ಪಿದರೆ ಕೆಡುವುದು ಸೀರೆಯಲ್ಲ, ಜೀವ. ಆದ್ದರಿಂದಲೇ ಮೆಟ್ಟಿಲುಗಳು ಹೆಚ್ಚು, ಕಾವಲೂ ಹೆಚ್ಚು.

ಎಷ್ಟು ಮೆಟ್ಟಿಲು?

ಪಿ.ಯು.ಸಿ. ವಿಜ್ಞಾನದ ನಂತರ ‘ನೀಟ್’ ಪರೀಕ್ಷೆ. ಅಲ್ಲಿ ಸೀಟು ಸಿಕ್ಕರೆ ನಾಲ್ಕೂವರೆ ವರ್ಷ ಎಂ.ಬಿ.ಬಿ.ಎಸ್., ಮುಂದೆ ಒಂದು ವರ್ಷ ಎಲ್ಲ ವಿಭಾಗಗಳಲ್ಲೂ ಸರದಿಯಂತೆ ಹೌಸ್‌ಸರ್ಜನ್ ಕೆಲಸ. ಇಷ್ಟಾದ ಮೇಲೆ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗುತ್ತದೆ. ಅಂದರೆ ನಿಮ್ಮ ಮುಂದೆ ನಿಂತ ಪಿ.ಜಿ. ಆಗಲೇ ಪೂರ್ಣ ಪ್ರಮಾಣದ ಡಾಕ್ಟರು. ಊರಿನಲ್ಲಿ ದವಾಖಾನೆ ತೆರೆದು ಕೂಡಲು ಕಾನೂನಿನ ಅಡ್ಡಿಯಿಲ್ಲ. ‘ಕಲಿಯುವ ಹುಡುಗ’ ಎಂದು ಅವರನ್ನು ಕಡೆಗಣಿಸುವಂತಿಲ್ಲ.

ಮುಂದಿನ ಮೆಟ್ಟಿಲೇ ಕಡಿದಾದದ್ದು. ಸ್ನಾತಕೋತ್ತರ ಸೀಟಿಗೆ 2013ರಿಂದ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಎಂಬ ವಿಚಾರದಿಂದ ‘ನೀಟ್ ಪಿ.ಜಿ.’ ಬಂತು. ಕಂಪ್ಯೂಟರ್ ಮುಂದೆ ಕುಳಿತು 200 ಪ್ರಶ್ನೆಗಳಿಗೆ ಮೂರೂವರೆ ತಾಸಿನಲ್ಲಿ ಉತ್ತರ ಗುರುತಿಸಬೇಕು. ಅನೇಕರು ಇದಕ್ಕಾಗಿ ಒಂದೆರಡು ವರ್ಷ ಮನೆಯಲ್ಲೋ ಕೋಚಿಂಗ್ ಊರುಗಳಲ್ಲೋ ಕುಳಿತು ಓದುತ್ತಾರೆ. ರ್‍ಯಾಂಕ್ ಬಂದ ಮೇಲೆ ಸೀಟು ಹಂಚಿಕೆ. ಸರ್ಕಾರಿ ಕಾಲೇಜುಗಳ ಅರ್ಧ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದರ್ಧ ರಾಜ್ಯದ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳೆಲ್ಲ ಕೇಂದ್ರದ ಕೌನ್ಸೆಲಿಂಗ್‌ನಲ್ಲಿ ಬರುತ್ತವೆ. ಹೀಗಾಗಿ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಕಾಲೇಜಿನ ಸೀಟಿಗೆ ಒಂದು ಬಾಗಿಲಾದರೆ, ವಿಜಯಪುರದ ಬಿ.ಎಲ್.ಡಿ.ಇ. ಮತ್ತು ಬೆಳಗಾವಿಯ ಕೆ.ಎಲ್.ಇ. ಸೀಟುಗಳಿಗೆ ಇನ್ನೊಂದು ಬಾಗಿಲು. ಪಾಲಕರು ಇದನ್ನು ಮೊದಲೇ ತಿಳಿದುಕೊಂಡರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ಸೀಟು ಸಿಕ್ಕರೆ ಜನರಲ್ ಸರ್ಜರಿಯಲ್ಲಿ ಮೂರು ವರ್ಷದ ಎಂ.ಎಸ್. ಇದಕ್ಕೆ ಸಮಾನವಾದ ಇನ್ನೊಂದು ದಾರಿ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ. ಇದನ್ನು ಕಾಲೇಜಲ್ಲದ ದೊಡ್ಡ ಆಸ್ಪತ್ರೆಗಳಲ್ಲೂ ಮಾಡಬಹುದು. ಮೂತ್ರಪಿಂಡ, ನರ, ಹೃದಯ, ಪ್ಲಾಸ್ಟಿಕ್ ಸರ್ಜರಿ ಮುಂತಾದ ವಿಶೇಷ ಶಾಖೆ ಬೇಕೆಂದರೆ ಮತ್ತೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷದ ಎಂ.ಸಿಎಚ್. ಲೆಕ್ಕ ಹಾಕಿ ನೋಡಿ. ಹದಿನೆಂಟಕ್ಕೆ ಕಾಲೇಜು ಸೇರಿದವರು ಎಲ್ಲೂ ನಿಲ್ಲದೆ ನಡೆದರೂ ಸರ್ಜನ್ ಎನಿಸಿಕೊಳ್ಳುವಾಗ ಇಪ್ಪತ್ತಾರು ದಾಟಿರುತ್ತದೆ, ವಿಶೇಷ ತಜ್ಞರಾಗುವಾಗ ಇಪ್ಪತ್ತೊಂಬತ್ತು ದಾಟಿರುತ್ತದೆ. ಜೊತೆಗೆ ಓದಿದ ಇಂಜಿನಿಯರ್ ಗೆಳೆಯರು ಅಷ್ಟರಲ್ಲಿ ಮನೆ ಕಟ್ಟಿಸಿರುತ್ತಾರೆ.

ಸರ್ಜರಿಯನ್ನೇ ಏಕೆ?

ಇಷ್ಟು ಉದ್ದದ ದಾರಿಯನ್ನು ಆರಿಸಲು ಕಾರಣಗಳು ಒಬ್ಬೊಬ್ಬರಿಗೆ ಒಂದೊಂದು. ಬಹಳ ಮಂದಿಗೆ ಈ ಆಸೆ ಹುಟ್ಟುವುದು ಪುಸ್ತಕದಿಂದಲ್ಲ, ಹೌಸ್‌ಸರ್ಜನ್ ವರ್ಷದಲ್ಲಿ. ನೋವಿನಿಂದ ಒದ್ದಾಡುತ್ತ ಬಂದ ರೋಗಿ ಒಂದು ಆಪರೇಷನ್ ಆಗಿ ಮೂರನೆಯ ದಿನ ಎದ್ದು ಓಡಾಡುವುದನ್ನು ಕಂಡಾಗ ಆಗುವ ತೃಪ್ತಿ ಬೇರೆಯೇ. ಗುಳಿಗೆ ಕೊಟ್ಟು ತಿಂಗಳುಗಟ್ಟಲೆ ಕಾಯುವ ಸ್ವಭಾವ ಕೆಲವರದು, ಕೈಯಿಂದ ಮಾಡಿ ಈಗಲೇ ಫಲ ನೋಡುವ ಸ್ವಭಾವ ಕೆಲವರದು. ಎರಡನೆಯವರು ಸರ್ಜರಿಯತ್ತ ಬರುತ್ತಾರೆ.

ಒಳ್ಳೆಯ ಗುರುವೊಬ್ಬರನ್ನು ಕಂಡು ಬರುವವರೂ ಬಹಳ. ಮಾದರಿ ವ್ಯಕ್ತಿಗಳ ಪ್ರಭಾವ ದೊಡ್ಡದು. ಬೀಳಗಿಯಲ್ಲಿ ಹುಟ್ಟಿದ ಕಣ್ಣಿನ ಶಸ್ತ್ರವೈದ್ಯ ಡಾ. ಎಂ.ಸಿ. ಮೋದಿಯವರನ್ನು ಈ ಭಾಗದ ಹಿರಿಯರು ಮರೆತಿಲ್ಲ. ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆದ ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಸಂದವು. ಅವರು 2005ರಲ್ಲಿ ತೀರಿಕೊಂಡರು. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಸರ್ಜನ್ನೇ ಊರಿಗೆ ಹೋಗಬಹುದು ಎಂಬುದನ್ನು ಅವರು ಮಾಡಿ ತೋರಿಸಿದರು.

ತಂದೆಯ ನರ್ಸಿಂಗ್ ಹೋಮ್ ಮುಂದುವರಿಸಲು ಬರುವವರಿದ್ದಾರೆ. ಸಣ್ಣ ಊರಿನಲ್ಲಿ ಜನರಲ್ ಸರ್ಜನ್ನರಿಗೆ ಕೆಲಸ ತಪ್ಪುವುದಿಲ್ಲ ಎಂಬ ಭರವಸೆಯಿಂದ ಬರುವವರಿದ್ದಾರೆ. ಇನ್ನು ಕೆಲವರು ಬಯಸಿದ್ದು ರೇಡಿಯಾಲಜಿ ಅಥವಾ ಮೆಡಿಸಿನ್, ರ್‍ಯಾಂಕಿಗೆ ದಕ್ಕಿದ್ದು ಸರ್ಜರಿ. ಹಾಗೆ ಬಂದವರಲ್ಲೂ ಕೆಲಸ ಹಿಡಿಸಿ ಒಳ್ಳೆಯ ಸರ್ಜನ್ ಆಗುವವರಿದ್ದಾರೆ, ಮೊದಲ ವರ್ಷದಲ್ಲೇ ಬೇಸತ್ತು ಬಿಡುವವರೂ ಇದ್ದಾರೆ. ನಡುವೆ ಬಿಟ್ಟರೆ ಬಾಂಡಿನ ಹಣ ಕಟ್ಟಬೇಕಾಗಬಹುದು ಎಂಬುದನ್ನು ಪಾಲಕರು ಗಮನಿಸಬೇಕು.

ಹೆಣ್ಣುಮಕ್ಕಳು ಸರ್ಜರಿ ಆರಿಸಿದರೆ “ಸಂಸಾರ ಹೆಂಗ ಮಾಡ್ತಿ?” ಎಂದು ಮನೆಯವರೇ ತಡೆಯುವುದುಂಟು. ಇನ್ನೊಂದು ಕಡೆ ನೋಡಿ. ಸ್ತನದಲ್ಲಿ ಗಂಟು ಕಂಡರೂ ಗಂಡಸು ಡಾಕ್ಟರರಿಗೆ ತೋರಿಸಲು ನಾಚಿ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುವ ತಾಯಂದಿರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅಂಥವರಿಗೆ ಹೆಣ್ಣು ಸರ್ಜನ್ ಒಬ್ಬರು ಹತ್ತಿರದಲ್ಲಿರುವುದು ಜೀವ ಉಳಿಸುವ ವಿಷಯ. ಮಗಳಿಗೆ ಮನಸ್ಸಿದ್ದರೆ ದಯವಿಟ್ಟು ತಡೆಯಬೇಡಿ.

ಯಾವ ಆಸ್ಪತ್ರೆ, ಯಾವ ಕಾಲೇಜು?

ಅಮೆರಿಕದಲ್ಲಿ ಸರ್ಜರಿ ಕಲಿಕೆ ಐದು ವರ್ಷ. ಅಲ್ಲಿ ಅಭ್ಯರ್ಥಿಗಳು ಆಸ್ಪತ್ರೆಗಳಿಗೆ ಸಂದರ್ಶನ ಕೊಡುತ್ತಾರೆ. ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿಯನ್ನು ಅವರು ಬರೆದುಕೊಡುತ್ತಾರೆ, ಆಸ್ಪತ್ರೆಗಳು ತಮಗೆ ಬೇಕಾದವರ ಪಟ್ಟಿ ಕೊಡುತ್ತವೆ. ಎರಡನ್ನೂ ತಾಳೆ ನೋಡಿ ಸೀಟು ಹಂಚುವ ಪದ್ಧತಿ 1952ರಿಂದ ನಡೆದಿದೆ. ನಮ್ಮಲ್ಲಿ ಎಂ.ಎಸ್. ಸೀಟಿಗೆ ಸಂದರ್ಶನವಿಲ್ಲ. ರ್‍ಯಾಂಕ್, ಮೀಸಲಾತಿ, ಶುಲ್ಕ ಇವೇ ತೀರ್ಮಾನ ಮಾಡುತ್ತವೆ. ಶಿಫಾರಸಿಗೆ ಜಾಗವಿಲ್ಲದಿರುವುದು ಇದರ ಗುಣ. ಕೈ ಹೇಗಿದೆ, ಮನಸ್ಸು ಹೇಗಿದೆ ಎಂದು ಯಾರೂ ನೋಡದಿರುವುದು ಇದರ ದೋಷ. ಆ ಕಾರಣದಿಂದ ನಮ್ಮ ಸರ್ಜನ್ನರ ನಿಜವಾದ ಗುಣಮಟ್ಟ ನಿರ್ಧಾರವಾಗುವುದು ಪ್ರವೇಶ ಪರೀಕ್ಷೆಯಲ್ಲಲ್ಲ, ಆಮೇಲಿನ ಮೂರು ವರ್ಷಗಳಲ್ಲಿ. ಎಲ್ಲಿ ಕಲಿತರು ಎಂಬುದಕ್ಕೆ ಅಷ್ಟು ಬೆಲೆ ಬರುವುದು ಇದಕ್ಕೇ.

ಉತ್ತರ ಕರ್ನಾಟಕದ ವಿದ್ಯಾರ್ಥಿಗೆ ಈಗ ಆಯ್ಕೆಗಳು ಕಡಿಮೆಯಿಲ್ಲ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರದು, ಬೆಳಗಾವಿಯ ಜವಾಹರಲಾಲ್ ನೆಹರು ಕಾಲೇಜು 1963ರದು. ವಿಜಯಪುರದಲ್ಲಿ ಅಲ್-ಅಮೀನ್ ಕಾಲೇಜು 1984ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು 1986ರಲ್ಲಿ ಆರಂಭವಾದವು. ಬಾಗಲಕೋಟೆಯಲ್ಲಿ 2002ರಲ್ಲಿ ಎಸ್. ನಿಜಲಿಂಗಪ್ಪ ಕಾಲೇಜು, ಅದರ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಬಂದವು. ಜಮಖಂಡಿಯ ಅಜ್ಜಂದಿರ ಕಾಲದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಆಯ್ಕೆ ಮಾಡುವಾಗ ಹುಡುಗರು ಮೊದಲು ವಿಚಾರಿಸುವುದು ಹಿರಿಯ ವಿದ್ಯಾರ್ಥಿಗಳನ್ನು. ಅವರ ಪ್ರಶ್ನೆ ಒಂದೇ: “ಅಲ್ಲಿ ಕೈಗೆ ಕೆಲಸ ಕೊಡ್ತಾರೇನು?” ರೋಗಿಗಳ ದಟ್ಟಣೆ ಇರುವ ಸರ್ಕಾರಿ ಆಸ್ಪತ್ರೆಯಲ್ಲಿ ಅಪಘಾತ, ಕರುಳು ತೂತು, ಸುಟ್ಟಗಾಯ ಎಲ್ಲವನ್ನೂ ನೋಡಲು, ಮಾಡಲು ಅವಕಾಶ ಹೆಚ್ಚು, ನಿದ್ದೆ ಕಡಿಮೆ. ಹೊಸ ಯಂತ್ರಗಳಿರುವ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಹೊಸ ವಿಧಾನ ನೋಡಲು ಸಿಗುತ್ತದೆ. ಆದರೆ ಹಣ ಕೊಟ್ಟು ಹಿರಿಯ ಸರ್ಜನ್ನರ ಹೆಸರಿಗೆ ಬಂದ ರೋಗಿಯ ಆಪರೇಷನ್ನಿನಲ್ಲಿ ಕಿರಿಯರು ಬಹುಮಟ್ಟಿಗೆ ಪಕ್ಕದಲ್ಲಿ ನಿಂತು ಹಿಡಿಯುವುದೇ ಆಗಬಹುದು. ಎರಡಕ್ಕೂ ಅಪವಾದಗಳಿವೆ. ಕಟ್ಟಡ ನೋಡಿ, ಹೆಸರು ಕೇಳಿ ತೀರ್ಮಾನಿಸುವುದು ಸರಿಯಲ್ಲ.

ನಂತರದ ಕಾರಣಗಳು ಮನೆಯವು. ಶುಲ್ಕ ಎಷ್ಟು, ಶಿಷ್ಯವೇತನ ಕೈಗೆ ಬರುತ್ತದೆಯೆ, ವಯಸ್ಸಾದ ತಂದೆತಾಯಿಗೆ ಹತ್ತಿರವೆ, ಮದುವೆಯಾಗಿದ್ದರೆ ಗಂಡ ಅಥವಾ ಹೆಂಡತಿಯ ಸೀಟು ಅದೇ ಊರಿನಲ್ಲಿದೆಯೆ. ಭಾಷೆಯೂ ಒಂದು ಕಾರಣ. “ಹೊಟ್ಟಿ ಝಾಡಸ್ತದ”, “ಎದಿ ಧಡಧಡ ಅಂತದ” ಎಂದು ರೋಗಿ ಹೇಳಿದ್ದು ಅರ್ಥವಾಗುವ ಡಾಕ್ಟರರಿಗೆ ಅರ್ಧ ರೋಗನಿದಾನ ಅಲ್ಲಿಯೇ ಆಗಿರುತ್ತದೆ. ಹೊರ ರಾಜ್ಯದಿಂದ ಬಂದವರು ಇದನ್ನು ವಾರ್ಡಿನಲ್ಲೇ ಕಲಿಯುತ್ತಾರೆ. ಅವರೊಂದಿಗೆ ನಿಧಾನವಾಗಿ ಮಾತನಾಡಿದರೆ ನಿಮಗೂ ಒಳ್ಳೆಯದು.

ಮೂರು ವರ್ಷದಲ್ಲಿ ಏನೇನು?

ಆಸ್ಪತ್ರೆಯಲ್ಲಿ ಸರ್ಜರಿ ವಿಭಾಗವನ್ನು ‘ಯೂನಿಟ್’ಗಳಾಗಿ ಹಂಚಿರುತ್ತಾರೆ. ಪ್ರತಿ ಯೂನಿಟ್ಟಿಗೆ ಒಬ್ಬ ಹಿರಿಯ ಮುಖ್ಯಸ್ಥರು, ಅವರ ಕೆಳಗೆ ಅಧ್ಯಾಪಕ ಸರ್ಜನ್ನರು, ಎಂ.ಎಸ್. ಮುಗಿಸಿದ ಸೀನಿಯರ್ ರೆಸಿಡೆಂಟ್, ಆಮೇಲೆ ಮೂರು, ಎರಡು, ಒಂದನೆಯ ವರ್ಷದ ಪಿ.ಜಿ.ಗಳು. ಅವಿಭಕ್ತ ಕುಟುಂಬ ಇದ್ದ ಹಾಗೆ. ಕಿರಿಯರು ನೋಡಿದ್ದು ಹಿರಿಯರಿಗೆ ತಿಳಿಯಲೇಬೇಕು.

ಒಂದನೆಯ ವರ್ಷದವರ ಪಾಲಿಗೆ ಗಾಯ ಕಟ್ಟುವುದು, ಕೇಸ್ ಬರೆಯುವುದು, ರಾತ್ರಿ ಪಾಳಿ, ಕೀವು ತೆಗೆಯುವುದು, ಚರ್ಮ ಹೊಲಿಯುವುದು, ದೊಡ್ಡ ಆಪರೇಷನ್ನಿನಲ್ಲಿ ನೆರವಿಗೆ ನಿಲ್ಲುವುದು. ಎರಡನೆಯ ವರ್ಷದಲ್ಲಿ ಹಿರಿಯರು ಎದುರಿಗೆ ನಿಂತು ಹೈಡ್ರೋಸೀಲ್, ಹರ್ನಿಯಾ, ಅಪೆಂಡಿಕ್ಸ್‌ನಂಥವನ್ನು ಮಾಡಿಸುತ್ತಾರೆ. ಮೂರನೆಯ ವರ್ಷಕ್ಕೆ ಕರುಳಿನ ತೂತು ಮುಚ್ಚುವಂಥ ತುರ್ತು ಕೆಲಸಗಳು, ದುರ್ಬೀನಿನ ಆಪರೇಷನ್ನಿನ ಕೆಲವು ಹಂತಗಳು. ಮಾಡಿದ ಪ್ರತಿ ಕೆಲಸವೂ ಲಾಗ್‌ಬುಕ್ಕಿನಲ್ಲಿ ದಾಖಲಾಗುತ್ತದೆ. ಒಂದು ಸಂಶೋಧನ ಪ್ರಬಂಧ ಬರೆಯಬೇಕು. ಕೊನೆಗೆ ಹೊರಗಿನ ಪರೀಕ್ಷಕರ ಮುಂದೆ ರೋಗಿಯನ್ನು ಪರೀಕ್ಷಿಸಿ ಉತ್ತರಿಸಬೇಕು.

ವೈದ್ಯಕೀಯ ಶಿಕ್ಷಣ ನಿಯಮಗಳಿಗೆ 2020ರಲ್ಲಿ ಆದ ತಿದ್ದುಪಡಿಯಿಂದ ಇನ್ನೊಂದು ಒಳ್ಳೆಯ ವ್ಯವಸ್ಥೆ ಬಂದಿದೆ. ಪ್ರತಿ ಪಿ.ಜಿ.ಯೂ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಕಾಲೇಜಿನ ಸೌಕರ್ಯ ಇಲ್ಲದ ಕಡೆ ಇದ್ದುದರಲ್ಲೇ ಕೆಲಸ ಸಾಗಿಸುವುದನ್ನು ಕಲಿತವರಿಗೆ ಮುಂದೆ ಮುಧೋಳ, ಬೀಳಗಿಯಂಥ ಊರಿಗೆ ಬರಲು ಅಂಜಿಕೆ ಕಡಿಮೆ.

ದುಡಿತದ ವಿಷಯ ಹೇಳಲೇಬೇಕು. ರೆಸಿಡೆಂಟರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12, ವಾರಕ್ಕೆ 48 ತಾಸು ಮೀರಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ತಾಸು ಮೀರದಿರಲಿ ಎಂದು ಶಿಫಾರಸು ಮಾಡಿತು. ಈ ಎರಡು ಅಂಕಿಗಳೇ ವಾಸ್ತವ ಸ್ಥಿತಿಯನ್ನು ತಿಳಿಸುತ್ತವೆ. ನಿಮ್ಮೊಂದಿಗೆ ಚುಟುಕಾಗಿ ಮಾತನಾಡಿದ ಡಾಕ್ಟರು ಹಿಂದಿನ ರಾತ್ರಿ ಕಣ್ಣು ಮುಚ್ಚಿರದೆ ಇರಬಹುದು.

ರೋಗಿಯ ಮನೆಯವರು ಏನು ಮಾಡಬೇಕು?

ಕಲಿಯುವವರು ಇದ್ದಾರೆಂದು ಹೆದರಬೇಡಿ. ರಾತ್ರಿ ಎರಡು ಗಂಟೆಗೂ ನಿಮ್ಮ ರೋಗಿಯನ್ನು ಎದ್ದು ನೋಡುವ ಜನ ಇರುವುದು ಇಂಥ ಆಸ್ಪತ್ರೆಯಲ್ಲಿಯೇ. ಆದರೆ ಕೇಳುವ ಹಕ್ಕು ನಿಮಗಿದೆ. ಸಮಾಧಾನದಿಂದ ಇಷ್ಟು ಕೇಳಿ:

• ರೋಗಿ ಯಾವ ಯೂನಿಟ್ಟಿನವರು, ಮುಖ್ಯಸ್ಥರು ಯಾರು? ಅವರಿಗೆ ವಿಷಯ ತಿಳಿಸಿದ್ದೀರಾ?

• ಆಪರೇಷನ್ ಯಾರು ಮಾಡುತ್ತಾರೆ? ಆಗ ಹಿರಿಯರು ಯಾರು ಇರುತ್ತಾರೆ?

• ಏನು ಮಾಡುತ್ತೀರಿ, ಮಾಡದಿದ್ದರೆ ಏನಾಗುತ್ತದೆ, ಅಪಾಯಗಳೇನು? ಇದನ್ನು ಕನ್ನಡದಲ್ಲಿ ತಿಳಿದುಕೊಂಡ ಮೇಲೆಯೇ ಒಪ್ಪಿಗೆಗೆ ಸಹಿ ಹಾಕಿ.

ನಿಮ್ಮ ಕಡೆಯಿಂದಲೂ ಕೆಲವು ಕರ್ತವ್ಯಗಳಿವೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆ, ಹಿಂದಿನ ಆಪರೇಷನ್, ಔಷಧಿಯ ಅಲರ್ಜಿ, ತಂಬಾಕು, ಸೆರೆ ಯಾವುದನ್ನೂ ಮುಚ್ಚಿಡಬೇಡಿ. ಹಳೆಯ ಕಾಗದಪತ್ರ, ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿ ಜೊತೆಗಿರಲಿ. ಹೊಟ್ಟೆನೋವಿನ ರೋಗಿಗೆ ದಾರಿಯಲ್ಲಿ ಚಹಾ, ಊಟ ಕೊಡಬೇಡಿ. ಕೊನೆಗೆ ಎಷ್ಟು ಗಂಟೆಗೆ ತಿಂದರು ಎಂಬುದನ್ನು ನೆನಪಿಟ್ಟು ಹೇಳಿ. ಪವರ್‌ಲೂಮಿನಲ್ಲೋ ಕಬ್ಬಿನ ಗಾಣದಲ್ಲೋ ಬೆರಳು ತುಂಡಾದರೆ, ಗಾಯವನ್ನು ಸ್ವಚ್ಛ ಬಟ್ಟೆಯಿಂದ ಒತ್ತಿ ಕಟ್ಟಿ. ತುಂಡನ್ನು ಒದ್ದೆ ಮಾಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಕೂಡಲೇ ಹೊರಡಿ. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಸೀಟು ಆರಿಸುವ ಮನೆಗಳಿಗೆ

ಮಗ ಅಥವಾ ಮಗಳು ಸರ್ಜರಿ ಆರಿಸುವ ಹಂತದಲ್ಲಿದ್ದರೆ, ಕಾಲೇಜಿನ ಹೆಸರಿಗಿಂತ ಮೊದಲು ಇವನ್ನು ವಿಚಾರಿಸಲಿ. ವಾರಕ್ಕೆ ಆ ಯೂನಿಟ್ಟಿನಲ್ಲಿ ಎಷ್ಟು ಆಪರೇಷನ್ ಆಗುತ್ತವೆ? ಅವುಗಳನ್ನು ಎಷ್ಟು ಪಿ.ಜಿ.ಗಳು ಹಂಚಿಕೊಳ್ಳುತ್ತಾರೆ? ರಾತ್ರಿ ಹಿರಿಯರು ಕರೆದರೆ ಬಂದು ಪಕ್ಕದಲ್ಲಿ ನಿಲ್ಲುತ್ತಾರೆಯೆ? ಶಿಷ್ಯವೇತನ, ರಜೆ, ಬಾಂಡಿನ ಷರತ್ತುಗಳೇನು? ಅಲ್ಲಿಂದ ಹೊರಬಿದ್ದವರು ಒಂಟಿಯಾಗಿ ಆಪರೇಷನ್ ಮಾಡುವ ಧೈರ್ಯ ಪಡೆದಿದ್ದಾರೆಯೆ? ಉತ್ತರ ಸಿಗುವುದು ಕಾಲೇಜಿನ ಕಚೇರಿಯಲ್ಲಲ್ಲ, ಅಲ್ಲಿ ಈಗ ಎರಡು, ಮೂರನೆಯ ವರ್ಷದಲ್ಲಿರುವ ಪಿ.ಜಿ.ಗಳಲ್ಲಿ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಮಾತನಾಡಿ ಬರಲಿ.

ಹಾಗೆಯೇ ಮೊದಲ ವರ್ಷ ಮಕ್ಕಳು ಮನೆಗೆ ಫೋನ್ ಮಾಡದಿದ್ದರೆ ಮುನಿಸಿಕೊಳ್ಳಬೇಡಿ, ಆದರೆ ಗಮನ ಬಿಡಬೇಡಿ. ನಿದ್ದೆಯಿಲ್ಲದೆ, ಬೈಗುಳ ತಿಂದು, ರೋಗಿಯ ಸಾವು ಕಂಡು ಕುಗ್ಗಿದ ಮನಸ್ಸಿಗೆ ಮನೆಯವರ ಎರಡು ಮಾತು ಬಲ ಕೊಡುತ್ತದೆ. “ಬಿಟ್ಟು ಬರ್ತೀನಿ” ಎಂದರೆ ಬೈಯದೆ ಕೇಳಿಸಿಕೊಳ್ಳಿ. ಬೇಸರ ವಾರಗಟ್ಟಲೆ ಹೋಗದಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ, ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ.

ಇಂದು ವಾರ್ಡಿನಲ್ಲಿ ನಿಮ್ಮ ತಂದೆಯ ಗಾಯ ಕಟ್ಟಿದ ಆ ‘ಸಣ್ಣ ಡಾಕ್ಟರು’ ಇನ್ನೆರಡು ವರ್ಷಕ್ಕೆ ಯಾವುದೋ ತಾಲ್ಲೂಕು ಆಸ್ಪತ್ರೆಯ ಏಕೈಕ ಸರ್ಜನ್ ಆಗಿರಬಹುದು. ಅದು ನಿಮ್ಮ ತಾಲ್ಲೂಕೇ ಆಗಿರಬಹುದು. ಅವರ ಹೆಸರು ಕೇಳಿ, ರೋಗದ ವಿಷಯ ಪೂರ್ತಿ ಹೇಳಿ, ಅನುಮಾನವಿದ್ದರೆ ಅಲ್ಲಿಯೇ ಹಿರಿಯರನ್ನು ಕರೆಸಲು ಕೋರಿ. ರೋಗಿಯನ್ನು ಎಬ್ಬಿಸಿಕೊಂಡು ಹೊರಡುವ ಮಾತು ಅದಕ್ಕಿಂತ ಮೊದಲು ಬೇಡ.